ಗೊಂಡೆಯ ಹೊಟ್ಟೆಯಲ್ಲಿ ಕಂಬಳಿ

ಹಿಂಡಲಗಾದ ಮಾಯಪ್ಪನಿಗೆ ಒಂದು ಚಟವಿತ್ತು. ತಂಬಾಕು, ಚಹಾ ಇದ್ದವು ಬಿಡಿ, ಅವು ಯಾರಿಗಿಲ್ಲ? ಇದು ಬೇರೆಯೇ ಚಟ. ಮೈಮೇಲೆ ಕೂದಲಿರುವ ಯಾವ ಪ್ರಾಣಿ ಎದುರಿಗೆ ಬಂದರೂ ಅವನ ಕೈ ತಾನಾಗಿ ಚಾಚಿಕೊಂಡು, ಅದರ ಬೆನ್ನಿನ ಕೂದಲನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕಿ ನೋಡುತ್ತಿತ್ತು. ಓಣಿಯ ನಾಯಿಯನ್ನು ಬಿಡಲಿಲ್ಲ, ಗೌಳಿಗರ ಎಮ್ಮೆಗರುವನ್ನು ಬಿಡಲಿಲ್ಲ. ಒಮ್ಮೆ ಬೆಳಗಾವಿ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿದ್ದ ದೊಡ್ಡ ಮನುಷ್ಯರೊಬ್ಬರ ಸ್ವೆಟರನ್ನೂ ಹಾಗೆಯೇ ತಿಕ್ಕಿ ನೋಡಿ, "ಇದು ಖರೇ ಉಣ್ಣಿ ಅಲ್ರೀ ಸಾಹೇಬ್ರ, ಯಾರೋ ನಿಮಗ ಮೋಸ ಮಾಡ್ಯಾರ," ಎಂದುಬಿಟ್ಟಿದ್ದ. ಪಕ್ಕದಲ್ಲಿದ್ದ ಹೆಂಡತಿ ಕಾಡವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡವಳು ಊರು ಬರುವವರೆಗೆ ತೆಗೆಯಲಿಲ್ಲ.

ಅವನದೂ ತಪ್ಪಲ್ಲವೆನ್ನಿ. ಹಾಲುಮತದ ಕುರುಬರ ಮನೆಯಲ್ಲಿ ಹುಟ್ಟಿ, ಕುರಿಮರಿಗಳ ನಡುವೆಯೇ ಅಂಬೆಗಾಲಿಟ್ಟವನು. ಮಳೆಗಾಲ ಬಂತೆಂದರೆ ಅಪ್ಪನ ಹಿಂದೆ ಕುರಿ ಹೊಡೆದುಕೊಂಡು ಮೂಡಲ ದಿಕ್ಕಿನ ಒಣ ಸೀಮೆಗೆ ಹೋಗುವುದು. ಸುಗ್ಗಿ ಮುಗಿಯಿತೆಂದರೆ ಹೊರಳಿ ಖಾನಾಪುರದ ಕಡೆಗೆ ಬಂದು, ಗೊಬ್ಬರ ಬೇಕೆಂದವರ ಗದ್ದೆಯಲ್ಲಿ ಕುರಿ ನಿಲ್ಲಿಸುವುದು. ಅವನ ಅರ್ಧ ಆಯುಷ್ಯ ಹೀಗೆ ನಡೆದುನಡೆದೇ ಕಳೆಯಿತು. ಉಣ್ಣೆ ಕತ್ತರಿಸುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಮೊದಲು ಕುರಿಯನ್ನು ಹಳ್ಳಕ್ಕಿಳಿಸಿ ಚೆನ್ನಾಗಿ ಉಜ್ಜಿ ತೊಳೆಯುತ್ತಿದ್ದ. ಬಿಸಿಲಿಗೆ ನಿಲ್ಲಿಸಿ ಆರಿಸುತ್ತಿದ್ದ. ಆಮೇಲೆ ಎರಡು ಮೊಣಕಾಲುಗಳ ನಡುವೆ ಅವುಚಿಕೊಂಡು ಕತ್ತರಿ ಆಡಿಸಿದನೆಂದರೆ, ಒಂದು ಗಾಯವಾಗದಂತೆ ಇಡೀ ಉಣ್ಣೆ ಅಂಗಿ ಕಳಚಿದಂತೆ ಕಳಚಿ ಬೀಳುತ್ತಿತ್ತು. ಮೊಣಕಾಲು ಸವೆದು, ಮಗ ಸೋಮಲಿಂಗನಿಗೆ ಖಾನಾಪುರದಲ್ಲಿ ಲೈನ್‌ಮನ್ ಕೆಲಸ ಸಿಕ್ಕ ಮೇಲೆ ಕುರಿ ಮಾರಿ ಹಿಂಡಲಗಾದಲ್ಲಿ ಮನೆ ಮಾಡಿಕೊಂಡರು. ಆದರೂ ಉಣ್ಣೆ ಕತ್ತರಿಸುವ ಕಾಲ ಬಂದರೆ ಬೀಗರೂ ನೆಂಟರೂ ಮಾಯಪ್ಪನಿಗೇ ಫೋನ್ ಮಾಡುತ್ತಾರೆ. ಅವನು ಕತ್ತರಿಗೆ ಎಣ್ಣೆ ಸವರಿಕೊಂಡು ಹೊರಡುತ್ತಾನೆ.

"ಮೈಮ್ಯಾಲೆ ಕೂದಲಿದ್ದ ಯಾವ ಜೀವಾನರ ತಂದು ನನ್ನ ಕೈಯಾಗ ಕೊಡ್ರಿ, ನಾ ಜ್ವಾಪಾನ ಮಾಡ್ತೇನಿ." ಇದು ಅವನು ದಿನಕ್ಕೊಮ್ಮೆಯಾದರೂ ಹೇಳುವ ಮಾತು. ಈ ಮಾತೇ ಅವನನ್ನು ಬಾವಿಗೆ ತಳ್ಳುತ್ತದೆಂದು ಯಾರಿಗೆ ಗೊತ್ತಿತ್ತು?

ಮನೆಯಲ್ಲಿ ಒಂದು ಬೆಕ್ಕಿತ್ತು, ಹೆಸರು ಗೊಂಡೆ. ಸೊಸೆ ಪ್ರಮಿಳಾ ಇಟ್ಟ ಹೆಸರು, ಬಾಲ ಥೇಟ್ ಕಂಬಳಿಯ ತುದಿಗೆ ಕಟ್ಟುವ ಗೊಂಡೆಯ ಹಾಗಿತ್ತು ಅಂತ. ನಮ್ಮ ನಿಮ್ಮ ಮನೆಯ ಇಲಿ ಹಿಡಿಯುವ ಬೆಕ್ಕಲ್ಲ ಅದು. ಮೈತುಂಬ ಗೇಣುದ್ದ ಬೂದು ಬಣ್ಣದ ಕೂದಲು, ಚಪ್ಪಟೆ ಮೂಗು, ಸದಾ ಯಾರ ಮೇಲೋ ಸಿಟ್ಟಾದಂಥ ಮುಖ. ಪ್ರಮಿಳಾ ಬೆಳಗಾವಿಯ ಒಂದು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಜೊತೆಗಿದ್ದ ಹುಡುಗಿ ಮದುವೆಯಾಗಿ ಪುಣೆಗೆ ಹೋಗುವಾಗ, ಗಂಡನ ಮನೆಯವರಿಗೆ ಬೆಕ್ಕು ಬೇಡವಾಗಿ, ಇವಳ ಮಡಿಲಿಗೆ ಹಾಕಿ ಹೋಗಿದ್ದಳು.

ಆ ಹೊತ್ತು ಎಂಥದ್ದೆಂದು ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಪ್ರಮಿಳಾಳ ಮೊದಲ ಬಸಿರು ಆಗಷ್ಟೇ ಇಳಿದುಹೋಗಿತ್ತು. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಗಂಡನಿಗೆ ಏನು ಮಾತಾಡಬೇಕೋ ತಿಳಿಯದು. ಕಾಡವ್ವ ಮಾತಾಡಿದರೆ ಅಳು ಹೆಚ್ಚಾಗುವುದು. ಮಾವನಾದ ಮಾಯಪ್ಪ ಹೊಸ್ತಿಲ ತನಕ ಬಂದು ಕೆಮ್ಮಿ ಹಿಂದಿರುಗುವುದು. ಅಂಥ ಮನೆಯೊಳಗೆ ಈ ಬೆಕ್ಕು ಬಂದು, ಯಾರನ್ನೂ ಕೇಳದೆ ಅವಳ ಹೊಟ್ಟೆಯ ಹತ್ತಿರ ಸುರುಳಿ ಸುತ್ತಿ ಮಲಗಿಕೊಂಡಿತು. ಒಂದು ದಿನ ಕಾಡವ್ವ ನೂಲುತ್ತಿದ್ದ ಕದರಿನ ಮೇಲೆ ಹಾರಿ, ನೂಲನ್ನೆಲ್ಲ ಮೈಗೆ ಸುತ್ತಿಕೊಂಡು ಹೊರಳಾಡಿತು. ಕಾಡವ್ವ ಪೊರಕೆ ತೆಗೆದುಕೊಂಡು ಓಡಿಬಂದಳು. ಪ್ರಮಿಳಾ ನಕ್ಕಳು. ಅಷ್ಟು ದಿನಗಳ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಮಾಯಪ್ಪ ಹಿತ್ತಲಿಗೆ ಹೋಗಿ, ಯಾರೂ ನೋಡದಂತೆ ರುಮಾಲಿನಿಂದ ಕಣ್ಣೊರೆಸಿಕೊಂಡ. ಅಂದಿನಿಂದ ಅವನು ಬಾಯಲ್ಲಿ "ಕೆಲಸಿಲ್ಲದ ಪ್ರಾಣಿ" ಎಂದು ಬೈದರೂ ತನ್ನ ಹಾಲಿನಲ್ಲಿ ಅದಕ್ಕೊಂದು ಪಾಲು ತೆಗೆದಿಡುತ್ತಿದ್ದ.

ಈಗ ಮತ್ತೆ ಬಸಿರು ನಿಂತಿತ್ತು, ತಿಂಗಳು ತುಂಬುತ್ತ ಬಂದಿತ್ತು. ಬಾಣಂತನಕ್ಕೆ ತವರಿಗೆ ಕರೆದೊಯ್ಯಲು ಗುಂಜಿಯಿಂದ ಅಣ್ಣ ಗೌರೀಶ ಬಂದ. ಹಸುಗೂಸಿರುವ ಮನೆಗೆ ಇಷ್ಟು ಕೂದಲಿನ ಬೆಕ್ಕು ಬೇಡವೆಂದು ಹಿರಿಯರೆಲ್ಲ ಹೇಳಿದ ಮೇಲೆ ಪ್ರಮಿಳಾ ಒಪ್ಪಿದಳು. ಗಾಡಿ ಹತ್ತುವ ಮುಂಚೆ ಗೊಂಡೆಯನ್ನು ತಂದು ಮಾವನ ಕೈಗೇ ಕೊಟ್ಟಳು, ಜೊತೆಗೆ ಒಂದು ಕಬ್ಬಿಣದ ಹಲ್ಲಿನ ಸಣ್ಣ ಹಣಿಗೆ.

"ಮಾವಾರ, ದಿನಾ ಸಂಜೀಕ ಇದಕ್ಕ ಹಣಿಗಿ ಹಾಕ್ರಿ. ಮರೀಬ್ಯಾಡ್ರಿ ಮತ್ತ."

"ಕೂದಲದ ಮಾತು ನನಗ ಹೇಳ್ತೀಯೇನವ್ವಾ?" ಮಾಯಪ್ಪ ಮೀಸೆಯಲ್ಲೇ ನಕ್ಕ. "ನೀ ನಿಶ್ಚಿಂತಿ ಹೋಗಿ ಬಾ. ಕೂಸು ಎತ್ತಿಕೊಂಡು ಬರೂಮಟಾ ಇದರ ಒಂದ ಕೂದಲ ಕೊಂಕೂದಿಲ್ಲ. ಇದು ನನ್ನ ಮಾತು."

ಮಾತು ಕೊಟ್ಟ ಮನುಷ್ಯ ಹಣಿಗೆಯನ್ನು ಮೊಳೆಗೆ ತೂಗುಹಾಕಿದ. ಅದು ಅಲ್ಲೇ ತೂಗಾಡುತ್ತ ಉಳಿಯಿತು. ಕುರಿಗೆ ಯಾರಾದರೂ ಹಣಿಗೆ ಹಾಕುತ್ತಾರೆಯೇ? ಅಪ್ಪ ಹಾಕಿದನೇ, ಅಜ್ಜ ಹಾಕಿದನೇ? ಇದೆಲ್ಲ ಪೇಟೆ ಹುಡುಗಿಯರ ಸೋಗು ಎಂದುಕೊಂಡ.

ಶಿವರಾತ್ರಿ ಕಳೆಯಿತು, ಬಿಸಿಲು ಏರಿತು. ಗೊಂಡೆಯ ಕೂದಲು ಉದುರತೊಡಗಿತು ನೋಡಿ, ಅಬ್ಬಬ್ಬಾ! ಹಾಸಿಗೆಯ ಮೇಲೆ ಕೂದಲು, ಹೊರಸಿನ ಮೇಲೆ ಕೂದಲು, ಒಣಹಾಕಿದ ಸಂಡಿಗೆಯ ಮೇಲೆ ಕೂದಲು. ಒಂದು ದಿನ ಊಟಕ್ಕೆ ಕುಳಿತಾಗ ಝುಣಕದಿಂದ ಉದ್ದನೆಯ ಬೂದು ಎಳೆಯೊಂದನ್ನು ಎಳೆದು ತೆಗೆದು ಕಾಡವ್ವ ಗಂಡನ ಮುಖದ ಮುಂದೆ ಹಿಡಿದಳು.

"ಏನ್ರೀ, ಉಣ್ಣಿ ಕತ್ತರಸಾಕ ಹತ್ತೂರ ತಿರಗತೀರಿ, ಮನ್ಯಾಗಿಂದು ಕಣ್ಣಿಗೆ ಕಾಣವಲ್ದೇನು?"

ಇಷ್ಟೇ ಸಾಕಾಯಿತು. ಮಾಯಪ್ಪನಿಗೆ ತಟ್ಟನೆ ದಾರಿ ಹೊಳೆಯಿತು. ಕತ್ತರಿಸಿಬಿಟ್ಟರೆ ಮುಗಿಯಿತಲ್ಲ! ಪ್ರಮಿಳಾಗೂ ಖುಷಿಯಾಗುತ್ತದೆ, ಬೆಕ್ಕಿಗೂ ಬಿಸಿಲಿಗೆ ಹಗುರಾಗುತ್ತದೆ. ಆದರೆ ಕತ್ತರಿಸುವ ಮುಂಚೆ ತೊಳೆಯಬೇಕು. ತೊಳೆಯದ ಮೈಗೆ ಕತ್ತರಿ ಹಚ್ಚುವುದು ಅವರ ಕುಲದಲ್ಲೇ ಇಲ್ಲ. ಅಂಟವಾಳ ನೆನೆಸಿ ನೊರೆ ಮಾಡಿದ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗೊಂಡೆಯನ್ನು ನಿಲ್ಲಿಸಿ, ಮೊಣಕಾಲ ನಡುವೆ ಅವುಚಿ, ಕುರಿಯನ್ನು ಉಜ್ಜಿದ ಹಾಗೆಯೇ ಉಜ್ಜಿದ, ಮೇಲೆ ಕೆಳಗೆ, ಸುತ್ತ ಮುತ್ತ, ಗಸಗಸ ಗಸಗಸ. ಗೊಂಡೆ ಕೂಗಿದ ಕೂಗಿಗೆ ಆಚೆ ಮನೆಯ ಬಸವಣ್ಣೆವ್ವ ಗೋಡೆಯ ಮೇಲಿಂದ ಹಣಿಕಿ ನೋಡಿ, "ಯಾರನ್ನ ಕೊಲ್ಲಾಕತ್ತೀಯೋ ಮಾಯಪ್ಪಾ?" ಎಂದು ಕೇಳಿದಳು. ಮೂರನೆಯ ತಂಬಿಗೆ ನೀರು ಬೀಳುವಷ್ಟರಲ್ಲಿ ಬೆಕ್ಕು ಅವನ ಎರಡೂ ಮುಂಗೈ ಪರಚಿ, ಜಿಗಿದು, ಒಳಗೆ ಓಡಿ ಅಟ್ಟದ ಮೇಲೆ ಹತ್ತಿ ಕುಳಿತುಬಿಟ್ಟಿತು. ಕತ್ತರಿ ಕಲ್ಲಿನ ಮೇಲೆಯೇ ಉಳಿಯಿತು.

ಆ ದಿನವೆಲ್ಲ ಗೊಂಡೆ ಕೆಳಗೆ ಬರಲಿಲ್ಲ. ಅಟ್ಟದ ಮೇಲೆ ಕುಳಿತು ಮೈಯನ್ನೆಲ್ಲ ನೆಕ್ಕಿತು, ನೆಕ್ಕಿತು, ನೆಕ್ಕುತ್ತಲೇ ಇತ್ತು. ಅಂಟವಾಳದ ವಾಸನೆ ಹೋಗುವವರೆಗೆ ಬಿಡಲೊಲ್ಲೆ ಎಂಬ ಹಟ. ಪರಚಿದ ಕೈಗೆ ಅರಿಸಿನ ಹಚ್ಚಿಕೊಳ್ಳುತ್ತ ಮಾಯಪ್ಪ ಹೆಂಡತಿಗೆ ತೋರಿಸಿದ. "ನೋಡಲ್ಲೆ, ತಾನs ಮೈ ಒರಸಿಕೊಳ್ಳಾಕತ್ತೇತಿ. ಶಾಣೆ ಐತಿ." ಶಾಣೆಯಂತೆ, ಜಾಣ ಬೆಕ್ಕಂತೆ! ಎಂಥಾ ಹುಚ್ಚಪ್ಪ ನೋಡಿ.

ಮರುದಿನ ಮುಂಜಾನೆ ಗೊಂಡೆ ಕೆಳಗಿಳಿದು ಬಂತು. ಹಾಲಿಟ್ಟರೆ ಮೂಸಿ ನೋಡಿ ಹಿಂದೆ ಸರಿಯಿತು. ಕುತ್ತಿಗೆ ನೆಲಕ್ಕೆ ಚಾಚಿ, ಬೆನ್ನು ಡುಬ್ಬ ಮಾಡಿ, "ಖಕ್... ಖಕ್..." ಎಂದು ಓಕರಿಸಿತು. ಏನೂ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ. ಸಂಜೆಯಾದರೂ ಅದೇ. ಕಾಡವ್ವ ಮೀನಿನ ಮುಳ್ಳು ಸಿಕ್ಕಿರಬೇಕೆಂದಳು. ಮಾಯಪ್ಪ ನೀರು ಹಾಕಿದ್ದಕ್ಕೆ ಥಂಡಿ ಹಿಡಿದಿದೆ ಎಂದ. ಸಂಜೆ ಎಂದಿನಂತೆ ಗುಂಜಿಯಿಂದ ಪ್ರಮಿಳಾಳ ವಿಡಿಯೋ ಕಾಲ್ ಬಂತು.

"ಮಾವಾರ, ಗೊಂಡಿನ್ನ ತೋರಸ್ರಿ."

"ಮಲಗೇತವ್ವಾ ಅದು," ಎಂದ ಮಾಯಪ್ಪ. ಅವನ ಹಿಂದೆಯೇ ಗೊಂಡೆ ಓಕರಿಸಿತು. ಕಾಡವ್ವ ಜೋರಾಗಿ ಕೆಮ್ಮಿ ಆ ಸದ್ದು ಮುಚ್ಚಿದಳು.

ಅದರ ಮರುದಿನ ಬೆಕ್ಕು ಓಕರಿಸುವುದನ್ನೂ ಕಡಿಮೆ ಮಾಡಿ, ಮೂಲೆಯಲ್ಲಿ ಮುದುಡಿ ಮಲಗಿತು. ನೀರೂ ಬೇಡ. ಮೈಮೇಲಿನ ಕೂದಲು ಅಲ್ಲಲ್ಲಿ ಗಂಟುಗಟ್ಟಿ ಹೋಗಿತ್ತು. ಮಾಯಪ್ಪ ಮಾಡಿಗೆ ಸಿಕ್ಕಿಸಿದ್ದ ಹಳೆಯ ಗೊಟ್ಟ ತೆಗೆದ. ಕುರಿಗೆ ಔಷಧ ಕುಡಿಸುವ ಬಿದಿರಿನ ಕೊಳವೆ ಅದು. ಅದರಲ್ಲಿ ಔಡಲೆಣ್ಣೆ ತುಂಬಿ, ಬಾಯಿ ಎತ್ತಿ ಹಿಡಿದು ಸುರಿದುಬಿಟ್ಟರೆ ಎಂಥ ಕುರಿಯ ಹೊಟ್ಟೆಯೂ ಸಡಿಲಾಗುತ್ತಿತ್ತು. ಎಣ್ಣೆ ತುಂಬಿದ, ಬೆಕ್ಕನ್ನು ಮಡಿಲಿಗೆ ತೆಗೆದುಕೊಂಡ, ಗೊಟ್ಟವನ್ನು ಬಾಯಿಯ ಹತ್ತಿರ ತಂದ. ಗೊಟ್ಟದ ಬಾಯಿ ಬೆಕ್ಕಿನ ಇಡೀ ಮುಖಕ್ಕಿಂತ ದೊಡ್ಡದಿತ್ತು. ಗೊಂಡೆ ಪರಚಲಿಲ್ಲ, ಕೂಗಲಿಲ್ಲ, ಸುಮ್ಮನೆ ಅವನ ಮುಖ ನೋಡಿತು. ಅಷ್ಟು ಜಗಳಗಂಟಿ ಬೆಕ್ಕು ಸುಮ್ಮನಾದದ್ದು ನೋಡಿ ಮಾಯಪ್ಪ ಹೆದರಿದ. ಗೊಟ್ಟ ಕೆಳಗಿಟ್ಟ.

"ಕಾಡವ್ವಾ, ಬುಟ್ಟಿ ತಗೋ. ದವಾಖಾನಿಗೆ ಹೋಗೂಣು."

"ಸೋಮ್ಯಾಗ ಫೋನ್ ಹಚ್ಚೂಣೇನು?"

"ಅವಾ ಖಾನಾಪುರದ ಅಡವ್ಯಾಗ ಕಂಬ ಏರಿರ್ತಾನ, ಅವಂಗ ಯಾತಕ್ಕ? ನಡಿ ನಡಿ."

ಕಾಡವ್ವ, ದಿನಾ ಪೊರಕೆ ಹಿಡಿದು ಆ ಬೆಕ್ಕಿನ ಬೆನ್ನು ಹತ್ತುತ್ತಿದ್ದವಳು, ತನ್ನ ಹಳೆಯ ಮೆತ್ತನೆಯ ಸೀರೆಯನ್ನು ಬುಟ್ಟಿಗೆ ಹಾಸಿದಳು.

ಸದಾಶಿವನಗರದಲ್ಲಿ ಸಾಕುಪ್ರಾಣಿಗಳ ದವಾಖಾನೆ. ಡಾಕ್ಟರ್ ಐಶ್ವರ್ಯಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬುಟ್ಟಿಯಿಂದ ಬೆಕ್ಕನ್ನೆತ್ತಿ ಮೇಜಿನ ಮೇಲಿಟ್ಟು, ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡುತ್ತ ಕೇಳಿದಳು.

"ಕುಂದರ್ರಿ ಅಜ್ಜಾರ. ಯಾವಾಗಿಂದ ಹಿಂಗ? ಹೇತಿಲ್ಲೇನು? ಓಕರಿಸಿದಾಗ ಏನಾರ ಬಂತೇನು?"

"ಏನೂ ಬಂದಿಲ್ರೀ ಬಾಯಾರ. ಎರಡ ದಿನಾತು, ತಿಂದಿಲ್ಲ, ಹೇತಿಲ್ಲ."

"ಕೂದಲ ಯಾಕ ಹಿಂಗ ಗಂಟಾಗ್ಯಾವ? ನೀರ ಹಾಕೀರೇನು?"

ಮಾಯಪ್ಪ ಅಡ್ಡ ಮಾತಾಡಲಿಲ್ಲ. ತೊಳೆದದ್ದು, ಉಜ್ಜಿದ್ದು, ಅಟ್ಟ ಹತ್ತಿದ್ದು, ನೆಕ್ಕಿದ್ದು, ಹಣಿಗೆ ಮೊಳೆಯ ಮೇಲೆ ತೂಗಾಡಿದ್ದು, ಕೊನೆಗೆ ಗೊಟ್ಟದವರೆಗೆ ಎಲ್ಲ ಹೇಳಿದ. ಗೊಟ್ಟದ ಸುದ್ದಿ ಬಂದಾಗ ಡಾಕ್ಟರಬಾಯಿ ಎರಡೂ ಕೈ ಎತ್ತಿ ಮುಗಿದಳು.

"ಪುಣ್ಯಾ ಬರಲಿ ನಿಮಗ, ಸುರೀಲಿಲ್ಲಲ್ಲ! ಬೆಕ್ಕಿಗೆ ಹಂಗ ಎಣ್ಣಿ ಸುರದ್ರ ಸೀದಾ ಪುಪ್ಪುಸಕ್ಕ ಇಳೀತೈತಿ. ಅಲ್ಲಿಗೆ ಮುಗೀತು." ಆಮೇಲೆ ಬೆಕ್ಕಿನ ಬಾಯಿ ಅಗಲಿಸಿ ನಾಲಗೆ ತೋರಿಸಿದಳು. "ಇಲ್ಲೆ ಬೆರಳ ಇಟ್ಟು ನೋಡ್ರಿ."

ಮಾಯಪ್ಪ ಬೆರಳಿಟ್ಟ. ನಾಲಗೆ ಅರದ ಹಾಗೆ ಒರಟಾಗಿತ್ತು.

"ಸಣ್ಣ ಸಣ್ಣ ಮುಳ್ಳದಾವ, ಎಲ್ಲಾ ಗಂಟಲದ ಕಡೆ ಬಾಗ್ಯಾವ. ನೆಕ್ಕಿದಾಗ ಉದುರಿದ ಕೂದಲ ಅದಕ್ಕ ಸಿಗತಾವ, ಉಗಳಾಕ ಬರೂದಿಲ್ಲ, ನುಂಗಾಕs ಬೇಕು. ಒಂದೆರಡ ಎಳಿ ಆದ್ರ ಹೊಟ್ಟ್ಯಾಗಿಂದ ದಾಟಿ ಹೋಗತಾವ. ಈಗ ಕೂದಲ ಉದುರೂ ಕಾಲ. ನೀವು ಹಣಿಗಿ ಹಾಕಿಲ್ಲ, ಅದರ ಮ್ಯಾಲೆ ತೊಳದ್ರಿ. ದಿನಪೂರ್ತಿ ನೆಕ್ಕಿ, ಉದುರಿದ್ದೆಲ್ಲಾ ಒಳಗ ಹೋಗೇತಿ."

ಮಾಯಪ್ಪನಿಗೆ ಇನ್ನು ಯಾರೂ ಏನೂ ಹೇಳಬೇಕಿರಲಿಲ್ಲ. ಕೂದಲು, ನೀರು, ಬಿಸಿ, ತಿಕ್ಕಾಟ. ಇವು ನಾಲ್ಕೂ ಕೂಡಿದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಕಂಬಳಿಯನ್ನು ನೀರು ಹಾಕಿ ತುಳಿದು ತುಳಿದು ಗಟ್ಟಿ ಮಾಡುತ್ತ ಬೆಳೆದವನು ಅವನು.

"ಹೊಟ್ಟ್ಯಾಗ ಕಂಬಳಿ ಆಗೇತಿ ಅನ್ರಿ," ಎಂದ ಸಣ್ಣ ದನಿಯಲ್ಲಿ.

"ಹೌದ್ರಿ ಅಜ್ಜಾರ. ಹಂಗs."

ಅವನಿಗೆ ಹಳೆಯದೊಂದು ನೆನಪಾಯಿತು. ಹುಡುಗನಾಗಿದ್ದಾಗ ಅವರ ಹಿಂಡಿನ ಒಂದು ಮರಿ ತಾಯಿಯ ಉಣ್ಣೆ ಜಗಿಯುವ ಚಟ ಹಚ್ಚಿಕೊಂಡಿತ್ತು. ಮೇವು ಬಿಟ್ಟಿತು, ಮುದುಡಿ ಮಲಗಿತು, ಸತ್ತಿತು. ಅಪ್ಪ ಅದರ ಹೊಟ್ಟೆ ಕೊಯ್ದು ತೆಗೆದದ್ದು ನಿಂಬೆಹಣ್ಣಿನ ಗಾತ್ರದ ಉಣ್ಣೆಯ ಉಂಡೆ. ಈ ಬೆಕ್ಕು ಹೀಗೆ ಸತ್ತರೆ? ತುಂಬಿದ ಬಸುರಿಗೆ ಯಾವ ಬಾಯಿಯಿಂದ ಹೇಳುವುದು? ಅವಳು ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರೆ? ಅವನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

ಡಾಕ್ಟರಬಾಯಿ ಎಕ್ಸ್‌ರೇ ತೆಗೆದಳು. ಬೆಕ್ಕಿಗೆ ಸಲಾಯಿನ್ ಹಚ್ಚಿದಳು. ಕೂದಲು ಜಾರಿ ಹೋಗಲೆಂದು ಕೊಡುವ ಸಿಹಿ ಅಂಟಿನ ಔಷಧವನ್ನು ಅದರ ಮುಂಗಾಲಿಗೆ ಸವರಿದಳು. ಗೊಂಡೆ ಬೇಸರದಿಂದಲೇ ಅದನ್ನು ನೆಕ್ಕಿತು. "ಹಾದಿ ಪೂರಾ ಬಂದ್ ಆಗಿಲ್ಲ. ನಾಳೆ ಮುಂಜಾನಿಮಟಾ ನೋಡೂಣು. ಬಾಯಿಂದರ ಬರಬೇಕು, ಹಿಂದಿಂದರ ಹೋಗಬೇಕು. ಬರಲಿಲ್ಲಂದ್ರ ಆಪರೇಷನ್ ಮಾಡಬೇಕಾಗತೈತಿ. ನಡುವ ಹೊಟ್ಟಿ ಬಿಗದ್ರ, ಮತ್ತ ಮತ್ತ ವಾಂತಿ ಆದ್ರ, ಎಷ್ಟೊತ್ತಾದ್ರೂ ಫೋನ್ ಮಾಡ್ರಿ, ನಾ ಬರ್ತೇನಿ."

ಮನೆಗೆ ಬಂದು ಬುಟ್ಟಿ ಇಳಿಸುವುದಕ್ಕೂ ಗುಂಜಿಯ ಕಾಲ್ ಬರುವುದಕ್ಕೂ ಸರಿಹೋಯಿತು. ಮಲಗಿದೆ ಎಂದು ಹೇಳಲು ಮಾಯಪ್ಪನ ನಾಲಗೆ ಏಳಲಿಲ್ಲ.

"ಅವ್ವಾ ಪ್ರಮಿಳಾ, ನನ್ನ ಕೈಯಿಂದ ತಪ್ಪಾಗೇತಿ," ಎಂದವನು ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಮೀಸೆ ಹೊತ್ತ ಗಂಡಸು, ಸೊಸೆಯ ಮುಂದೆ. ಕಾಡವ್ವ ಫೋನ್ ಕಸಿದುಕೊಂಡು ಅದರ ಕಣ್ಣನ್ನು ಗೊಂಡೆಯ ಕಡೆ ತಿರುಗಿಸಿದಳು.

ಆಚೆ ಪ್ರಮಿಳಾ ಫೋನನ್ನು ಮುಖದ ಹತ್ತಿರ ತಂದು ಬೆಕ್ಕನ್ನೇ ನೋಡಿದಳು. ಅವಳ ತವರಿನ ಹಿತ್ತಲಲ್ಲಿ ಯಾರೋ ಮರಾಠಿಯಲ್ಲಿ ಆಕಳನ್ನು ಗದರಿಸುವುದಷ್ಟೇ ಕೇಳುತ್ತಿತ್ತು.

"ಮಾವಾರ," ಎಂದಳು ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಳಬ್ಯಾಡ್ರಿ. ಅದರ ಗಲ್ಲದ ಕೆಳಗ ಒಂದ ಬೆರಳಿಂದ ಕೆರೀರಿ. ಬೆನ್ನ ಮುಟ್ಟಬ್ಯಾಡ್ರಿ, ಗಲ್ಲದ ಕೆಳಗs. ಹಾಂ, ಹಂಗ. ಅದು ಕಣ್ಣ ಮುಚ್ಚಿದ ಮ್ಯಾಲೆ ಹಣಿಗಿ ತಗೋರಿ. ಸಡಲ ಇದ್ದ ಕೂದಲ ಅಷ್ಟ ತಗೀರಿ, ಮತ್ತ ನೆಕ್ಕಿ ನುಂಗಬಾರದಲ್ಲ. ನಾಳೆ ಮುಂಜಾನೆ ಸುದ್ದಿ ಹೇಳ್ರಿ. ಏನಿದ್ರೂ ಖರೇ ಹೇಳ್ರಿ."

ಅವನು ಗಲ್ಲದ ಕೆಳಗೆ ಕೆರೆದ. ಗೊಂಡೆ ಕಣ್ಣು ಮುಚ್ಚಿತು. ಮೊಳೆಯ ಮೇಲಿಂದ ಹಣಿಗೆ ಇಳಿಯಿತು. ಎಳೆದಷ್ಟೂ ಕೂದಲು ಬಂತು, ಮುಷ್ಟಿಗಟ್ಟಲೆ ಬಂತು. ಇದೆಲ್ಲ ಇದರ ಹೊಟ್ಟೆಗೇ ಹೋಗುತ್ತಿತ್ತಲ್ಲ ಎಂದುಕೊಂಡು ಮಾಯಪ್ಪ ಹಣಿಗೆಯನ್ನು ಇನ್ನಷ್ಟು ಮೆಲ್ಲಗೆ ಎಳೆದ. ಗಂಟುಗಳನ್ನು ಬೆರಳಿನಿಂದಲೇ ಒಂದೊಂದಾಗಿ ಬಿಡಿಸಿದ. ಕುರಿಗೆ ಹಣಿಗೆ ಹಾಕುತ್ತಾರೆಯೇ ಎಂದು ಕೇಳಿದ್ದನಲ್ಲ, ಇದು ಕುರಿಯಲ್ಲ ಎಂಬುದು ಈಗ ಅವನ ತಲೆಗೆ ಹೋಯಿತು. ಕುರಿ ತನ್ನ ಉಣ್ಣೆಯನ್ನು ತಾನೇ ನೆಕ್ಕಿ ನುಂಗುವುದಿಲ್ಲ.

ಬೆಳಗಾಯಿತು. ಗೊಂಡೆ ಬದುಕಿತ್ತು, ಆದರೆ ಏನೂ ಹೊರಗೆ ಬಂದಿರಲಿಲ್ಲ. ಮಾಯಪ್ಪ ಡಾಕ್ಟರಬಾಯಿಗೆ ಫೋನ್ ಮಾಡಲು ಕನ್ನಡಕ ಹುಡುಕುತ್ತಿದ್ದ. ಕಾಡವ್ವ, ಕೈಗೆ ಏನಾದರೂ ಕೆಲಸ ಬೇಕೆಂದು, ಹುಟ್ಟಲಿರುವ ಮೊಮ್ಮಗುವಿನ ಕಂಬಳಿಯನ್ನು ಅಂಗಳದ ಹೊರಸಿನ ಮೇಲೆ ಬಿಸಿಲಿಗೆ ಹರಡಿದಳು. ಆ ಕಂಬಳಿಯ ಮಾತು ಹೇಳಬೇಕು. ಮರಿಗಳ ಮೊದಲ ಉಣ್ಣೆಯನ್ನೇ ಆರಿಸಿ, ಚಳಿಗಾಲವೆಲ್ಲ ಕುಳಿತು ಕಾಡವ್ವ ತಾನೇ ನೂತದ್ದು. ಕೂಸಿನ ಮೈಗೆ ಚುಚ್ಚಬಾರದೆಂದು ಹುಣಸೆಬೀಜದ ಗಂಜಿಯನ್ನೂ ಹಾಕಿಸದೆ ಮೆತ್ತಗೆ ನೇಯಿಸಿದ್ದು. ಹೆಸರಿಡುವ ದಿನ ಕೂಸನ್ನು ಮಲಗಿಸಲೆಂದು ಇಟ್ಟದ್ದು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಗೊಂಡೆಯಂತೂ ಹತ್ತಿರ ಸುಳಿದರೆ ಪೊರಕೆ ಏಳುತ್ತಿತ್ತು.

ಗೊಂಡೆ ಮೂಲೆಯಿಂದ ಎದ್ದಿತು. ಮೆಲ್ಲಗೆ ಅಂಗಳಕ್ಕೆ ಬಂದು ಹೊರಸು ಹತ್ತಿ, ಕಂಬಳಿಯ ನಟ್ಟನಡುವೆ ನಿಂತು ಬೆನ್ನು ಡುಬ್ಬ ಮಾಡಿತು. "ಖಕ್... ಖಕ್... ಖಳ್ಳ್!"

ಕಾಡವ್ವ ಹಾಕಿದ ಕೂಗಿಗೆ ಓಣಿಯೇ ಎದ್ದಿತು. "ಬಂತು! ಬಂತರೀ! ಎಲ್ಲಿ ಹಾಳಾಗಿ ಹೋದ್ರಿ, ಬರ್ರಿ ಇಲ್ಲೆ! ಬಂತು ನಮ್ಮವ್ವಂದು!"

ಮಾಯಪ್ಪ ಕನ್ನಡಕವಿಲ್ಲದೆಯೇ ಓಡಿಬಂದ. ಕಂಬಳಿಯ ಮೇಲೆ ಒಂದು ಬೆರಳುದ್ದದ ಬೂದು ಸುರುಳಿ ಬಿದ್ದಿತ್ತು, ನೂಲಲು ಸುತ್ತಿಟ್ಟ ಉಣ್ಣೆಯ ಹಂಜಿಯ ಹಾಗೆ, ಒದ್ದೆ ಒದ್ದೆ. ಗೊಂಡೆ ತನಗೇನೂ ಸಂಬಂಧವಿಲ್ಲವೆಂಬಂತೆ ಪಕ್ಕದಲ್ಲಿ ಕುಳಿತು, ಅದೇ ಸಿಟ್ಟಿನ ಮುಖದಲ್ಲಿ, "ಮ್ಯಾಂವ್" ಎಂದು ಹಾಲು ಕೇಳಿತು. ಕಾಡವ್ವ ಅದನ್ನು ಬಾಚಿ ಎದೆಗೊತ್ತಿಕೊಂಡು ಮುದ್ದಿಟ್ಟಳು. ಕಂಬಳಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಗೋಡೆಯಾಚೆಯಿಂದ ಹಣಿಕಿದ ಬಸವಣ್ಣೆವ್ವ, "ಏನು, ಪ್ರಮಿಳಾ ಹಡದಳೇನು?" ಎಂದು ಕೇಳಿದ್ದಕ್ಕೆ, "ಇನ್ನೂ ಇಲ್ಲವ್ವಾ, ಬೆಕ್ಕು ವಾಂತಿ ಮಾಡೇತಿ!" ಎಂದು ಕುಣಿಯುತ್ತ ಹೇಳಿದಳು. ಬಸವಣ್ಣೆವ್ವ ಏನೂ ಅರ್ಥವಾಗದೆ ಕೆಳಗಿಳಿದಳು.

ಮಾಯಪ್ಪ ಹೊರಸಿನ ಅಂಚಿಗೆ ಕುಸಿದು ಕುಳಿತ. ಎದೆಯ ಮೇಲಿಂದ ಒಂದು ಬಂಡೆ ಇಳಿದಿತ್ತು. ಅಳಬೇಕೋ ನಗಬೇಕೋ ತಿಳಿಯದೆ, ಕೈ ತನ್ನ ಹಳೆಯ ಚಟದಂತೆ ತಾನೇ ಮುಂದೆ ಹೋಗಿ, ಆ ಸುರುಳಿಯನ್ನು ಎತ್ತಿಕೊಂಡು ಎರಡು ಬೆರಳ ನಡುವೆ ತಿಕ್ಕಿ ನೋಡಿತು.

"ಉಣ್ಣಿ ಚೊಲೋ ಐತಿ," ಎಂದ.

"ಥೂ ನಿಮ್ಮ! ಕೈ ತೊಳಕೊಳ್ರಿ ಮೊದಲ!" ಎಂದು ಕಾಡವ್ವ ಬೈದಳು. ಬೈಯುತ್ತಲೇ ಅವಳಿಗೆ ನಗು ಬಂತು, ಅವನಿಗೂ ಬಂತು. ಕೈ ತೊಳೆದುಕೊಂಡು ಗುಂಜಿಗೆ ಫೋನ್ ಹಚ್ಚಿದ. ಪ್ರಮಿಳಾ ಮೊದಲ ರಿಂಗಿಗೇ ಎತ್ತಿದಳು. ಅವನು ಗೊಂಡೆ ಹಾಲು ನೆಕ್ಕುವುದನ್ನು ತೋರಿಸಿದ. ಆಚೆಯಿಂದ ಅವಳ ನಗು ಕೇಳಿತು.

ಸಂಜೆ ಡಾಕ್ಟರಬಾಯಿ ಮತ್ತೊಮ್ಮೆ ಹೊಟ್ಟೆ ಒತ್ತಿ ನೋಡಿ, ಉಳಿದದ್ದೂ ತಾನಾಗಿ ಹೋಗುತ್ತದೆ ಎಂದಳು. ಆಪರೇಷನ್ ಬೇಕಿಲ್ಲ ಎಂಬ ಮಾತು ಕೇಳಿ ಮಾಯಪ್ಪ ಅವಳ ಕಾಲಿಗೆ ಬಗ್ಗಲು ಹೋದ. ಅವಳು ಹಿಂದಕ್ಕೆ ಹಾರಿದಳು. "ಕಾಲಿಗೆ ಬೀಳಬ್ಯಾಡ್ರಿ ಅಜ್ಜಾರ, ಹಣಿಗಿ ಹಾಕ್ರಿ. ನೀರ ಹಾಕೂದು ಬಿಡ್ರಿ. ಕುಡಿಯೂ ನೀರು ಮನ್ಯಾಗ ಎರಡ ಮೂರ ಕಡೆ ಇಡ್ರಿ, ಹೋಗತಾ ಬರತಾ ಕುಡೀಲಿ. ಹಾಲ ಕಡಿಮಿ ಮಾಡ್ರಿ. ಊಟದಾಗ ಕುದಿಸಿದ ಕುಂಬಳಕಾಯಿ ಒಂದೀಟು ಕಲಸಿ ಹಾಕ್ರಿ, ಕೂದಲ ಮುಂದ ದೂಡತೈತಿ. ಈ ಅಂಟಿನ ಔಷಧ ವಾರದಾಗ ಒಂದೆರಡ ಸಲ. ಎಂದರ ಒಂದಿನ ಒಂದ ಉಂಡಿ ಹೊರಗ ಹಾಕಿದ್ರ ಹೆದರಬ್ಯಾಡ್ರಿ. ಓಕರಿಸಿ ಓಕರಿಸಿ ಏನೂ ಬರಲಿಲ್ಲ, ಊಟಾ ಬಿಟ್ತು ಅಂದ್ರ ಮಾತ್ರ ಅವತ್ತs ಬರ್ರಿ, ಮರುದಿನಕ್ಕ ಬಿಡಬ್ಯಾಡ್ರಿ."

ಅಂದಿನಿಂದ ಸಂಜೆಯ ಚಹಾ ಮುಗಿದ ಕೂಡಲೇ ಮಾಯಪ್ಪ ಹಳೆಯ ಕಂಬಳಿಯ ತುಂಡು ಹಾಸಿ ಕೂರುವನು. ಗೊಂಡೆ ತಾನೇ ಬಂದು ಗಲ್ಲ ಚಾಚುವುದು. ಮೂಗಿನಿಂದ ಬಾಲದವರೆಗೆ ಹಣಿಗೆ ಆಡುವುದು. ಬಂದ ಕೂದಲನ್ನು ಅವನು ಒಂದು ಡಬ್ಬಿಯಲ್ಲಿ ತುಂಬಿಡತೊಡಗಿದ. "ನೂಲಿನ್ಯಾಗ ಸೇರಸ್ತೀಯೇನು?" ಎಂದು ಕೇಳಿ ಕಾಡವ್ವನ ಕೈಯಿಂದ ಪೊರಕೆಯ ಏಟು ತಿನ್ನುವುದು ಸ್ವಲ್ಪದರಲ್ಲಿ ತಪ್ಪಿತು. ಕೂದಲಿದ್ದ ಜೀವವನ್ನು ಕೈಯಲ್ಲಿ ಕೊಡಿ ಎಂಬ ಆ ಮಾತನ್ನು ಮಾತ್ರ ಅವನು ಬಿಟ್ಟುಬಿಟ್ಟ. ಯಾರಾದರೂ ಚೇಷ್ಟೆಗೆ ಕೇಳಿದರೂ ಸುಮ್ಮನೆ ತಂಬಾಕು ತಿಕ್ಕುತ್ತ ಕೂರುತ್ತಿದ್ದ.

ಹುಣ್ಣಿಮೆಯ ಹಿಂದೆಮುಂದೆ ಪ್ರಮಿಳಾ ಹೆಣ್ಣು ಹಡೆದಳು. ತಾಯಿ ಮಗು ಇಬ್ಬರೂ ಗಟ್ಟಿಮುಟ್ಟು. ಹೆಸರಿಡುವ ದಿನ, ಗೊಂಡೆಯನ್ನು ಬಸವಣ್ಣೆವ್ವನಿಗೆ ಒಪ್ಪಿಸಿ, ಅವಳಿಗೆ ಹಣಿಗೆಯ ಪಾಠವನ್ನೆಲ್ಲ ಹೇಳಿ ತಲೆ ತಿಂದು, ಗಂಡ ಹೆಂಡತಿ ಸೋಮಲಿಂಗನ ಜೊತೆ ರೈಲು ಹತ್ತಿ ಗುಂಜಿಯಲ್ಲಿ ಇಳಿದರು. ಕಾಡವ್ವನ ಕಂಕುಳಲ್ಲಿ ಕಂಬಳಿಯ ಗಂಟು. ಪ್ರಮಿಳಾ ಅದನ್ನು ಬಿಚ್ಚಿ, ಕೆನ್ನೆಗೆ ಒತ್ತಿಕೊಂಡು, ನಡುವಿನಲ್ಲೊಂದು ಮಸುಕು ಗುರುತು ಕಂಡು ಕೇಳಿದಳು.

"ಇದೇನತ್ತಿ ಕಲಿ?"

"ಅದs? ನಿನ್ನ ಹಿರಿಮಗಳು ಕಾರಿದ್ದು. ಎಷ್ಟ ತೊಳದ್ರೂ ಹೋಗವಲ್ದು."

ಪ್ರಮಿಳಾ ಆ ಗುರುತಿನ ಮೇಲೆಯೇ ಕೂಸನ್ನು ಮಲಗಿಸಿ, ಸುತ್ತಿ, ಎತ್ತಿಕೊಂಡು ಹೊಸ್ತಿಲ ಹತ್ತಿರ ನಿಂತಿದ್ದ ಮಾವನ ಮುಂದೆ ಬಂದಳು. ಕೂಸಿನ ತಲೆಯ ತುಂಬ ಕಪ್ಪು ಕೂದಲು, ಕಿವಿ ಮುಚ್ಚುವಷ್ಟು.

"ಹಿಡೀರಿ ಮಾವಾರ."

ಮಾಯಪ್ಪ ಹಿಂದೆ ಸರಿದ. "ಬ್ಯಾಡವ್ವಾ. ನನ್ನ ಕೈ ಒರಟ ಅದಾವ. ಮತ್ತ ಏನರ ಆಗಿಗೀಗಿ... ಬ್ಯಾಡ."

"ಮೈಮ್ಯಾಲೆ ಕೂದಲಿದ್ದ ಜೀವ ಐತಿ," ಎಂದಳು ಪ್ರಮಿಳಾ. "ನಿಮ್ಮ ಕೈಯಾಗ ಕೊಡದ ಇನ್ಯಾರ ಕೈಯಾಗ ಕೊಡ್ಲಿ?"

ಕೊಟ್ಟೇಬಿಟ್ಟಳು. ಮಾಯಪ್ಪ ಕೂಸನ್ನು ಎದೆಗಾನಿಸಿಕೊಂಡ, ಉಸಿರು ಬಿಡಲೂ ಹೆದರಿಕೊಂಡು. ಕಣ್ಣು ತುಂಬಿ ಬಂದವು. ಕೈ ತಾನಾಗಿ ಮುಂದೆ ಹೋಗಿ ಹಣೆಯ ಮೇಲಿನ ಕೂದಲನ್ನು ಎರಡು ಬೆರಳ ನಡುವೆ ಹಿಡಿದು, ತಿಕ್ಕದೆ, ಸುಮ್ಮನೆ ಮುಟ್ಟಿತು. ಎಲ್ಲರೂ ಅವನು ಏನು ಹೇಳುತ್ತಾನೋ ಎಂದು ಬಾಯಿ ನೋಡುತ್ತ ನಿಂತರು.

"ಪ್ರಮಿಳಾ," ಎಂದ ಅವನು ಮೆಲ್ಲಗೆ, "ಇದಕ್ಕೂ ದಿನಾ ಹಣಿಗಿ ಹಾಕಬೇಕೇನವ್ವಾ? ನೀ ಹೆಂಗ ಹೇಳ್ತಿ ಹಂಗ ಮಾಡ್ತೇನಿ."